ತೂಕ ಹೇಳಿದವಳು

ಅತ್ತೆ ತನ್ನನ್ನು ನೋಡಿ ನಕ್ಕಿದ್ದು ಬೆಳಗಿನಿಂದ ಅವಳ ಹೊಟ್ಟೆಯಲ್ಲಿ ಅರಗದೆ ಕೂತಿತ್ತು. ನಕ್ಕಿದ್ದು ಅಂದರೆ ತುಟಿ ಕೊಂಕಿಸಿದ್ದಲ್ಲ. ಆ ನಗು ಅವಳಿಗೆ ಮದುವೆಯಾದ ವಾರದಿಂದಲೇ ಚೆನ್ನಾಗಿ ಗೊತ್ತು. ಇದು ಬಾಯಿ ಪೂರ್ತಿ ತೆರೆದು, ಕಣ್ಣು ಸಣ್ಣಗಾಗಿ, ಎಷ್ಟೋ ದಿನದಿಂದ ಕಾದವರು ಬಂದಾಗ ನಗುವಂಥ ನಗು. ಬಾಗಿಲಲ್ಲಿ ಗಂಡನೋ ನಾದಿನಿಯೋ ನಿಂತಿರಬೇಕು ಎಂದು ಅವಳು ಹಿಂದೆ ತಿರುಗಿ ನೋಡಿದ್ದಳು. ಯಾರೂ ಇರಲಿಲ್ಲ. ಅತ್ತೆ ಮಲಗಿದ್ದ ವಾರ್ಡಿನಿಂದ ಇಳಿದು ಬಂದು ಆಸ್ಪತ್ರೆಯ ನೆಲಮಾಳಿಗೆಯ ಔಷಧಿ ಕೋಣೆಯಲ್ಲಿ ತನ್ನ ಮೇಜಿನ ಮುಂದೆ ಕೂತ ಮೇಲೂ, ಫ್ರಿಜ್ಜಿನ ಗುಂಯ್‌ ಸದ್ದಿನ ನಡುವೆ, ಆ ನಗು ಯಾರಿಗೋ ಬಂದ ಪಾರ್ಸೆಲ್ಲು ತಪ್ಪಿ ತನ್ನ ಕೈಗೆ ಸಿಕ್ಕಿದೆ ಅನ್ನಿಸುತ್ತಲೇ ಇತ್ತು. ವಾಪಸು ಕೊಡಬೇಕು, ಆದರೆ ಒಮ್ಮೆ ಬಿಚ್ಚಿ ನೋಡೋಣ ಎಂಬ ಆಸೆ. ಈ ವಯಸ್ಸಿನಲ್ಲಿ, ತಲೆ ನೆರೆತ ಮೇಲೆ, ಅತ್ತೆಯ ನಗುವಿಗೆ ಬಾಯಿ ಬಿಡುವ ತನ್ನ ಮೇಲೆ ಅವಳಿಗೇ ಹೇಸಿಗೆಯಾಯಿತು.

ಮೇಲಿನ ವಾರ್ಡುಗಳಿಂದ ಫೋನು ಬರುತ್ತಲೇ ಇತ್ತು. ಕಿಡ್ನಿ ಸೋತವರಿಗೆ ಆಂಟಿಬಯೋಟಿಕ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂದು ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಬಚ್ಚಲ ಕಿಂಡಿ ಅರ್ಧ ಕಟ್ಟಿದ್ದರೆ ನಲ್ಲಿ ಎಷ್ಟು ತಿರುಗಿಸಬೇಕು ಎಂಬ ಪ್ರಶ್ನೆ ಅದು. ಹೊಸದಾಗಿ ಸೇರಿದ ನರ್ಸುಗಳಿಗೆ ಅವಳು ಹಾಗೆಯೇ ಹೇಳಿಕೊಡುತ್ತಾಳೆ. ಪೂರ್ತಿ ಬಿಟ್ಟರೆ ಮನೆಯೆಲ್ಲ ನೀರು, ಬಿಗಿ ಹಿಡಿದರೆ ಕೊಳೆ ಹೋಗುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಇಲ್ಲಿ ಕೋಲು ಅಂದರೆ ರೋಗಿ, ನೆನಪಿರಲಿ, ಎಂದಾಗ ಅವರು ನಗುತ್ತಾರೆ. ಲೆಕ್ಕಕ್ಕೆ ವಯಸ್ಸು ಬೇಕು, ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಬೇಕು, ತೂಕ ಬೇಕು. ವಯಸ್ಸು ಚೀಟಿಯಲ್ಲಿರುತ್ತದೆ, ಕ್ರಿಯಾಟಿನಿನ್ ಲ್ಯಾಬಿನಿಂದ ಬರುತ್ತದೆ. ತೂಕದ ವಿಷಯದಲ್ಲಿ ಮಾತ್ರ ಲೋಕವೆಲ್ಲ ಸುಳ್ಳು ಹೇಳುತ್ತದೆ. ಎಷ್ಟು ತೂಕ, ಯಾರು ತೂಗಿದ್ದು, ಯಾವತ್ತು ತೂಗಿದ್ದು ಎಂದು ಕೇಳಿ ಕೇಳಿ ಅವಳಿಗೆ ಆಸ್ಪತ್ರೆಯಲ್ಲಿ ‘ತಕ್ಕಡಿ ಮೇಡಮ್’ ಎಂಬ ಹೆಸರು ಬಿದ್ದಿತ್ತು. ಕಣ್ಣಂದಾಜು ತರಕಾರಿ ಅಂಗಡಿಗೆ ಸಾಕು, ಇಲ್ಲಿ ಬೇಡ, ಎಂದು ಒಮ್ಮೆ ಒಬ್ಬ ನರ್ಸನ್ನು ಎಲ್ಲರೆದುರು ಅಂದು ಅಳಿಸಿದ್ದಳು. ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ, ತಾನು ಆಗ ಬಳಸಿದ ದನಿ ಯಾರದ್ದು ಎಂದು ಹೊಳೆದು ಮೈ ಉರಿದಿತ್ತು. ಅದು ಅತ್ತೆಯ ದನಿ, ಅಚ್ಚು ಇಳಿಸಿದ ಹಾಗೆ.

ಅತ್ತೆಯನ್ನು ಜ್ವರ ಬಂದು ನಡುಗುತ್ತಿದ್ದಾಗ ಕರೆತಂದಿದ್ದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಗಂಡ ಕಾರಿನ ಬೀಗದ ಕೈಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದ, ನಾದಿನಿ ಅಳುತ್ತಿದ್ದಳು. ಮಲಗಿದವರನ್ನು ಹಾಸಿಗೆ ಸಮೇತ ತೂಗುವ ಯಂತ್ರ ಕೆಟ್ಟು ಮೆಟ್ಟಿಲ ಕೆಳಗೆ ಸೇರಿದ್ದು ಯಾವ ಕಾಲವಾಗಿತ್ತೋ. ನರ್ಸು ತೂಕ ಎಷ್ಟು ಎಂದು ಕೇಳಿದಾಗ ಗಂಡ ನಾದಿನಿಯ ಮುಖ ನೋಡಿದ, ನಾದಿನಿ ಇವಳ ಮುಖ ನೋಡಿದಳು. “ಅರವತ್ತೆಂಟು,” ಎಂದಳು ಅವಳು, ತಟ್ಟನೆ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ. ನರ್ಸು ಬರೆದುಕೊಂಡಳು. ತಕ್ಕಡಿ ಮೇಡಮ್ಮೇ ಹೇಳಿದ ಮೇಲೆ ಯಾರು ತೂಗಿದ್ದು, ಯಾವತ್ತು ಎಂದು ಕೇಳುವ ಧೈರ್ಯ ಯಾರಿಗಿದೆ? ಡಾಕ್ಟರು ಸೆಫೆಪಿಮ್ ಎಂಬ ಆಂಟಿಬಯೋಟಿಕ್ ಬರೆದು, ಡೋಸು ನೀವೇ ನೋಡಿ ಮೇಡಮ್, ನಿಮ್ಮವರೇ ಅಲ್ವಾ, ಎಂದರು. ಅವಳು ಲೆಕ್ಕ ಹಾಕಿದಳು. ಕಿಡ್ನಿಯ ಶಕ್ತಿ ಮೂವತ್ತರ ಗೆರೆಗಿಂತ ಸ್ವಲ್ಪ ಮೇಲೆ ಬಂತು. ಗೆರೆಯ ಮೇಲಿದ್ದವರಿಗೆ ದಿನಕ್ಕೆ ಎರಡು ಸಲ, ಕೆಳಗಿದ್ದವರಿಗೆ ಒಂದೇ ಸಲ. ಎರಡು ಸಲ ಎಂದು ಹೇಳಿ ಕಳಿಸಿದಳು. ಔಷಧಿ ಕೆಲಸ ಮಾಡಿತು. ಎರಡು ದಿನದಲ್ಲಿ ನಡುಕ ನಿಂತಿತು, ಜ್ವರ ಇಳಿಯತೊಡಗಿತು. ನಿನ್ನೆಯಿಂದ ಅತ್ತೆ ಮಾತಾಡುತ್ತಿದ್ದರು. ಇವತ್ತು ನಕ್ಕರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮೇಲೆ ಹೋದಾಗ ನರ್ಸು ಒಬ್ಬಳೇ ಹಾಸಿಗೆಯ ಬಟ್ಟೆ ಬದಲಿಸಲು ಒದ್ದಾಡುತ್ತಿದ್ದಳು. “ಮೇಡಮ್, ಒಂಚೂರು ಹಿಡ್ಕೊಳ್ತೀರಾ?” ಎಂದಳು. ಅವಳು ಅತ್ತೆಯ ಬೆನ್ನ ಕೆಳಗೆ ಒಂದು ಕೈ, ಮಂಡಿಯ ಕೆಳಗೆ ಇನ್ನೊಂದು ಕೈ ಕೊಟ್ಟು, ಭಾರ ಎತ್ತಲು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಎತ್ತಿದ ರಭಸಕ್ಕೆ ತಾನೇ ಹಿಂದಕ್ಕೆ ವಾಲಿದಳು. ಕೈಯಲ್ಲಿ ಏನೂ ಇರಲಿಲ್ಲ. ಹೊದಿಕೆಯನ್ನು ಎತ್ತಿಕೊಂಡು ಅತ್ತೆಯನ್ನು ಹಾಸಿಗೆಯಲ್ಲೇ ಬಿಟ್ಟೆನೇನೋ ಎಂದು ಒಂದು ಕ್ಷಣ ಕೆಳಗೆ ನೋಡಿದಳು. ಅತ್ತೆ ಅವಳ ತೋಳಿನಲ್ಲೇ ಇದ್ದರು, ಅವಳ ಎದೆಗೆ ಕೆನ್ನೆ ಒರಗಿಸಿ. ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಅವಳ ಮೊಣಕೈಗೆ ಒತ್ತುತ್ತಿದ್ದವು. ಹೆಚ್ಚೆಂದರೆ ನಲವತ್ತು. ಅಷ್ಟೂ ಇಲ್ಲವೇನೋ. ಇವರನ್ನು ತಾನು ಕೊನೆಯ ಸಲ ಮುಟ್ಟಿದ್ದು ಯಾವಾಗ? ಒಂದೇ ಮನೆ, ಒಂದೇ ಅಡುಗೆಮನೆ, ದಿನಕ್ಕೆ ಹತ್ತು ಸಲ ಒಬ್ಬರ ಪಕ್ಕ ಇನ್ನೊಬ್ಬರು ಹಾದು ಹೋಗುವುದು, ಆದರೆ ಮುಟ್ಟಿದ ನೆನಪಿಲ್ಲ. ಅತ್ತೆ ಬಂದರೆಂದರೆ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ನಿಲ್ಲುವುದು ಅವಳ ಮೈಗೆ ಅಭ್ಯಾಸವಾಗಿತ್ತು, ದೊಡ್ಡ ಗಾಡಿ ಬಂದಾಗ ರಸ್ತೆ ಬಿಟ್ಟು ಇಳಿಯುವ ಹಾಗೆ. ಗಾಡಿ ಯಾವಾಗಲೋ ಸಣ್ಣದಾಗಿ ಹೋಗಿತ್ತು, ಇವಳು ಮಾತ್ರ ರಸ್ತೆ ಬಿಟ್ಟು ಇಳಿಯುತ್ತಲೇ ಇದ್ದಳು.

ಅರವತ್ತೆಂಟು ಎಲ್ಲಿಂದ ಬಂದಿದ್ದು ಎಂದು ಆಗ ನೆನಪಾಯಿತು. ಅವಳು ಮೊದಲು ಕೆಲಸಕ್ಕೆ ಸೇರಿದ್ದು ಬಸ್‌ಸ್ಟಾಂಡಿನ ಎದುರಿನ ಔಷಧಿ ಅಂಗಡಿಯಲ್ಲಿ. ಸೊಸೆ ಎಂಥ ಕೆಲಸ ಮಾಡುತ್ತಾಳೆ ನೋಡೋಣ ಎಂದು ಅತ್ತೆ ಒಂದು ದಿನ ಹೇಳದೆ ಕೇಳದೆ ಬಂದು, ಗಲ್ಲಾದ ಮುಂದೆ ನಿಂತು, ಗಿರಾಕಿಗಳೆದುರಿಗೇ “ಓ, ಮಾತ್ರೆ ಎಣಿಸೋ ಕೆಲಸ,” ಎಂದಿದ್ದರು. ಆಮೇಲೆ ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ ಚಪ್ಪಲಿ ಸಮೇತ ಹತ್ತಿದ್ದರು. ಮುಳ್ಳು ಅರವತ್ತೆಂಟಕ್ಕೆ ಹೋಗಿ ನಿಂತಿತ್ತು. “ನಿನ್ನ ಯಂತ್ರಕ್ಕೂ ನಿನ್ನ ಹಾಗೆ ನನ್ನ ಕಂಡ್ರೆ ಆಗಲ್ಲ,” ಎಂದು ಇಳಿದು, ಎಲ್ಲರೂ ನಕ್ಕಾಗ ತಾವೂ ನಕ್ಕು, ಹೊರಟೇ ಹೋಗಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇಂಥವರನ್ನೇ. ಆವತ್ತು ಅಂಗಡಿಯವನು ನಿಮ್ಮ ಅತ್ತೆ ಬಹಳ ತಮಾಷೆಯವರು ಕಣಮ್ಮ ಎಂದು ದಿನವಿಡೀ ಹೇಳಿದ್ದ. ಆ ಮುಳ್ಳು ಅವಳ ತಲೆಯೊಳಗೆ ಅಲ್ಲೇ ನಿಂತುಬಿಟ್ಟಿತ್ತು. ಊರಿನವರಿಗೆಲ್ಲ ಯಾವತ್ತು ತೂಗಿದ್ದು ಎಂದು ಕೇಳುವವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ನಲವತ್ತು ಎಂದು ಇಟ್ಟುಕೊಂಡರೆ ಲೆಕ್ಕ ಮೂವತ್ತರ ಗೆರೆಯಿಂದ ಎಷ್ಟೋ ಕೆಳಗೆ ಇಳಿಯುತ್ತದೆ. ಅತ್ತೆಗೆ ಇಷ್ಟು ದಿನ ಎರಡರಷ್ಟು ಔಷಧಿ ಹೋಗಿದೆ, ಹೋಗಿದ್ದರಲ್ಲಿ ಅರ್ಧ ಹೊರಗೆ ಬಂದಿಲ್ಲ. ಇದಿಷ್ಟೂ ಲೆಕ್ಕ ಅತ್ತೆ ಇನ್ನೂ ಅವಳ ತೋಳಿನಲ್ಲಿದ್ದಾಗಲೇ ಮುಗಿದಿತ್ತು. ನರ್ಸು ಬಟ್ಟೆಯ ಕೊನೆ ಮಡಿಚಿ, “ಬಿಡಿ ಮೇಡಮ್, ಆಯ್ತು,” ಎಂದಳು.

ಮಲಗಿಸಿದ ಮೇಲೆ ಅತ್ತೆ ಅವಳ ಕೈ ಬಿಡಲಿಲ್ಲ. “ಎಷ್ಟು ಸೊರಗಿದೀಯ ಮಗಳೇ,” ಎಂದರು. ಮಗಳೇ. “ಊಟ ಆಯ್ತಾ? ಹೊತ್ತಿಗೆ ಸರಿಯಾಗಿ ತಿನ್ನಬೇಕು. ದುಡಿಯೋ ಮೈ. ಮನೇಲಿ ಯಾರೂ ಕೇಳಲ್ವಾ ನಿನ್ನ?” ಇಲ್ಲ, ಯಾರೂ ಕೇಳಲ್ಲ, ಎಂದು ಹೇಳಬೇಕೆನ್ನಿಸಿತು. ಅತ್ತೆ ಅವಳ ಬೆರಳುಗಳನ್ನು ಒಂದೊಂದಾಗಿ ಸವರುತ್ತಿದ್ದರು. ನಡುನಡುವೆ ಅವರ ಮಣಿಕಟ್ಟು ತಟ್ಟನೆ ಜೋತು ಬಿದ್ದು ಮತ್ತೆ ಏಳುತ್ತಿತ್ತು. ತೂಕಡಿಸುವವರ ತಲೆ ಬೀಳುವ ಹಾಗೆ, ಆದರೆ ಕೈ. ಕೇಳಿದ್ದನ್ನೇ ಮತ್ತೆ ಕೇಳಿದರು: ಊಟ ಆಯ್ತಾ, ಊಟ ಆಯ್ತಾ. ಅವಳಿಗೆ ಇದು ಗೊತ್ತಿತ್ತು. ಕಿಡ್ನಿ ಹೊರಹಾಕದ ಈ ಔಷಧಿ ಮಿದುಳಿಗೆ ಏರಿದರೆ ಹೀಗೆಯೇ. ಮೊದಲು ಮಾತು ಬದಲಾಗುತ್ತದೆ, ಗುಣ ಬದಲಾಗುತ್ತದೆ, ಕೈ ಜೋತು ಬೀಳುತ್ತದೆ, ಆಮೇಲೆ ಮಂಪರು, ಆಮೇಲೆ ಫಿಟ್ಸು. ಜ್ವರ ಇಳಿದ ಮೇಲೆ ಸ್ವಭಾವ ಬದಲಾದರೆ ನನಗೆ ಫೋನು ಮಾಡಿ ಎಂದು ನರ್ಸುಗಳಿಗೆ ಹೇಳಿಕೊಟ್ಟವಳೂ ಅವಳೇ. ಯಾರೂ ಫೋನು ಮಾಡಿರಲಿಲ್ಲ. ಈ ಅಜ್ಜಿಯ ಸ್ವಭಾವ ಮೊದಲು ಹೇಗಿತ್ತು ಎಂದು ಅವರಿಗೆ ಹೇಗೆ ತಿಳಿಯಬೇಕು? ಅವರ ಪಾಲಿಗೆ ವಾರ್ಡಿನಲ್ಲೇ ಸಾಧುವಾದ ರೋಗಿ. ಇದು ಅತ್ತೆಯಲ್ಲ ಎಂದು ಹೇಳಬಲ್ಲವಳು ಇಡೀ ಕಟ್ಟಡದಲ್ಲಿ ಅವಳೊಬ್ಬಳೇ. ಫೋನು ಗೋಡೆಯ ಮೇಲೆ, ನಾಲ್ಕು ಹೆಜ್ಜೆ ಆಚೆ ಇತ್ತು. ಅವಳು ಅತ್ತೆಯ ಪಕ್ಕ ಸ್ಟೂಲೆಳೆದು ಕೂತಳು.

ಕೂತು, ನೆಪ ಹುಡುಕಿದಳು. ಬೇಕೆಂದವರಿಗೆ ನೆಪಕ್ಕೇನು ಬರ, ಅದೂ ಓದಿದವರಿಗೆ. ಜ್ವರ ಈಗಷ್ಟೇ ಇಳಿದಿದೆ, ರಕ್ತದ ಸೋಂಕು, ಈಗ ಕೈ ಬಿಗಿ ಹಿಡಿದರೆ ಮತ್ತೆ ಏರಬಹುದು. ಕಿಡ್ನಿಯ ಹೆಸರಲ್ಲಿ ಡೋಸು ಕತ್ತರಿಸಿ ಕತ್ತರಿಸಿ ಸೋಂಕಿನ ಬಾಯಿಗೆ ಕೊಟ್ಟ ರೋಗಿಗಳನ್ನು ಅವಳು ಕಂಡಿಲ್ಲವೇ? ಸಂಜೆಯದೊಂದು ಹೋಗಲಿ, ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆ ನೋಡಿ ಬದಲಿಸೋಣ. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಅವಳು ತಲೆದೂಗುತ್ತಿದ್ದಳು. ಅಷ್ಟು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಅವಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಸಂಜೆ ಮೆಟ್ಟಿಲಲ್ಲಿ ಡಾಕ್ಟರು ಎದುರಾದರು. ಆ ಹೊತ್ತಿಗೆ ಅವರ ಮುಖ ಯಾವಾಗಲೂ ಒರೆಸಿಟ್ಟ ಸ್ಲೇಟು. ಒಂದು ಮೆಟ್ಟಿಲು ದಾಟಿ ಹೋದವರು ನಿಂತು, “ಅಜ್ಜಿ ಹೇಗಿದಾರೆ ಮೇಡಮ್? ಡೋಸು ಸರಿ ಇದೆಯಲ್ಲ, ಏನೂ ಬದಲಾಯಿಸೋದು ಬೇಡ್ವಲ್ಲ?” ಎಂದರು. “ಸರಿ ಇದೆ ಡಾಕ್ಟ್ರೇ,” ಎಂದಳು ಅವಳು. “ನೀವು ನೋಡಿದ ಮೇಲೆ ನಾನು ನೋಡೋದು ಏನಿದೆ,” ಎಂದು ಅವರು ಇಳಿದು ಹೋದರು. ಅವರ ಬೂಟಿನ ಸದ್ದು ಕೆಳಗೆ ಮುಗಿಯುವವರೆಗೂ ಅವಳು ಕಂಬಿ ಹಿಡಿದು ನಿಂತಿದ್ದಳು. ಕರೆಯಬಹುದಿತ್ತು. ಒಂದು ಮಹಡಿ ಇಳಿಯುವಷ್ಟು ಹೊತ್ತು ಅವಕಾಶವಿತ್ತು.

ವಾರ್ಡಿನಲ್ಲಿ ಗಂಡ, ನಾದಿನಿ ಇಬ್ಬರೂ ಇದ್ದರು. ಗಂಡನ ಮುಖ ಹಬ್ಬದಂತಿತ್ತು. “ನೋಡೇ, ಅಮ್ಮ ಎಷ್ಟು ಮೆತ್ತಗಾಗಿದಾಳೆ. ನನ್ನ ತಲೆ ಸವರಿದ್ಲು. ನನಗೆ ನೆನಪಿರೋ ಹಾಗೆ ಇದೇ ಮೊದಲು,” ಎಂದ. ನಾದಿನಿ ಕಣ್ಣೊರೆಸಿಕೊಂಡು, “ಅತ್ತಿಗೆ, ಮನುಷ್ಯರಿಗೆ ಒಂದು ದೊಡ್ಡ ಕಾಯಿಲೆ ಬರಬೇಕು ನೋಡಿ. ಒಳಗಿನ ಪ್ರೀತಿ ಆಗ ಹೊರಗೆ ಬರುತ್ತೆ,” ಎಂದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುವ ಗಾದೆ ಹೇಳಿ ಅವಳನ್ನು ಛೇಡಿಸಲೂ ನೋಡಿದಳು. ಅವಳು ನಕ್ಕಳು. ಇದು ಪ್ರೀತಿಯಲ್ಲ, ವಿಷ, ನಾನು ಹಾಕಿದ್ದು, ಎಂದು ಹೇಗೆ ಹೇಳುವುದು? ನರ್ಸು ಬಂದು ಸಂಜೆಯ ಡೋಸನ್ನು ಸ್ಟ್ಯಾಂಡಿಗೆ ನೇತು ಹಾಕಿ, ಕೊಳವೆ ಜೋಡಿಸಿ, ಹೋದಳು. ಹನಿ ಬೀಳತೊಡಗಿತು. ಗಂಡ, ನಾದಿನಿ ಚಹಾ ಕುಡಿಯಲು ಕ್ಯಾಂಟೀನಿಗೆ ಇಳಿದ ಮೇಲೆ ಅವಳೊಬ್ಬಳೇ ಉಳಿದಳು. ಹನಿಗಳನ್ನು ನೋಡಬಾರದೆಂದು ಕಿಟಕಿ ನೋಡಿದಳು, ಕಿಟಕಿಯ ಗಾಜಿನಲ್ಲೂ ಸ್ಟ್ಯಾಂಡೇ ಕಾಣುತ್ತಿತ್ತು. “ನಿನ್ನ ಹೆತ್ತವರು ಪುಣ್ಯವಂತರು,” ಎನ್ನುತ್ತಿದ್ದರು ಅತ್ತೆ, “ಎಂಥ ತಣ್ಣನೆ ಕೈ ನಿಂದು.” ಅವಳ ಹೆತ್ತವರ ಬಗ್ಗೆ ಅತ್ತೆ ಆಡಿದ ಇತರ ಮಾತುಗಳು ಅವಳಿಗೆ ಬಾಯಿಪಾಠವಾಗಿದ್ದವು. ಮದುವೆಯಾದ ಹೊಸದರಲ್ಲಿ ತೊಳೆದಿಟ್ಟ ಪಾತ್ರೆಗಳ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು, ಏನೂ ಹೇಳದೆ, ಪಾತ್ರೆಯನ್ನು ಮತ್ತೆ ಬಚ್ಚಲಿಗೆ ಇಳಿಸುತ್ತಿದ್ದರು. ಏನಾದರೂ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಅವಳಿಗೆ ಹೆಂಗರುಳು ಒಮ್ಮೆಲೇ ಉಕ್ಕಿತೋ, ಹಳೆಯ ಕೋಪವೋ, ಬಗ್ಗಿ ಕೇಳಿಯೇ ಬಿಟ್ಟಳು: “ಅತ್ತೆ, ನಾನು ನಿಮಗೆ ಏನು ಮಾಡಿದ್ದೆ? ನನ್ನ ಕಂಡ್ರೆ ಯಾಕೆ ಆಗ್ತಿರಲಿಲ್ಲ?” ಅತ್ತೆ ನಕ್ಕರು. “ಊಟ ಆಯ್ತಾ?” ಎಂದರು. ಕೈ ಜೋತು ಬಿತ್ತು, ಎದ್ದಿತು. ಕೊಳವೆಯಲ್ಲಿ ಕೊನೆಯ ಹನಿ ಇಳಿಯುವವರೆಗೂ ಅವಳು ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಬೀಳದ ಹಾಗೆ ಹಿಡಿದುಕೊಂಡಿದ್ದಳು. ಸುಖವಾಗಿತ್ತು. ಅದನ್ನು ಸುಖ ಅಲ್ಲ ಎನ್ನಲು ಅವಳಿಂದ ಆಗಲಿಲ್ಲ.

ಬೆಳಿಗ್ಗೆ ಬೇಗ ಬಂದಳು. ಕೆಳಗೆ ತನ್ನ ಕೋಣೆಗೆ ಹೋಗದೆ ನೇರ ವಾರ್ಡಿಗೆ ಹತ್ತಿದಳು. ಏನು ಮಾಡಬೇಕು ಎಂದು ತೀರ್ಮಾನಿಸಿದ್ದಳು ಎಂದರೆ ಸುಳ್ಳಾಗುತ್ತದೆ. ತೀರ್ಮಾನ ಮೆಟ್ಟಿಲಿಗೊಂದು ಸಲ ಬದಲಾಗುತ್ತಿತ್ತು. ಅತ್ತೆಯ ಎದೆಯ ಮೇಲೆಲ್ಲ ಹಾಲು ಚೆಲ್ಲಿತ್ತು. ಲೋಟ ಹಿಡಿದ ಕೈ ಎಗರಿ ಹೀಗಾಯಿತು ಮೇಡಮ್, ಬೆಳಗಿನ ಜಾವದಿಂದ ಒಂದೇ ಸಮ ಮಾತು, ನಿದ್ದೆ ಕಡಿಮೆಯಾಗಿರಬೇಕು, ಎಂದಳು ನರ್ಸು. ಬೆಳಗಿನ ಡೋಸು ಆಗಲೇ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು, ಕೊಳವೆ ಜೋಡಿಸುವುದೊಂದು ಬಾಕಿ. ಅತ್ತೆ ಇವಳನ್ನು ನೋಡಿದರು, ಆದರೆ ಈ ಸಲ ನಗಲಿಲ್ಲ. ಕಣ್ಣಿನಲ್ಲಿ ಭಯವಿತ್ತು. ಆ ಕಣ್ಣುಗಳಲ್ಲಿ ಅವಳು ಎಲ್ಲವನ್ನೂ ಕಂಡಿದ್ದಳು, ಭಯವನ್ನು ಕಂಡಿರಲಿಲ್ಲ. ಅತ್ತೆ ಅವಳ ಮಣಿಕಟ್ಟನ್ನು ಹಿಡಿದು ಹತ್ತಿರ ಎಳೆದುಕೊಂಡು, ಪಕ್ಕದ ಹಾಸಿಗೆಯವರಿಗೆ ಕೇಳಬಾರದೆಂಬಂತೆ ದನಿ ತಗ್ಗಿಸಿದರು.

“ಅಮ್ಮಾ, ನೀನು ಒಳ್ಳೆಯವಳ ಹಾಗೆ ಕಾಣ್ತೀಯ. ಒಂದು ಉಪಕಾರ ಮಾಡ್ತೀಯಾ?”

“ಹೇಳಿ.”

“ನನ್ನ ತಲೆ ಒಳಗೆ ಏನೋ ಆಗ್ತಿದೆ. ಮಾತು ಒಂದು ಹೊರಟರೆ ಇನ್ನೊಂದು ಬರುತ್ತೆ. ಇವರಿಗೆ ಗೊತ್ತಾಗ್ತಿಲ್ಲ, ಎಲ್ಲರೂ ನಗ್ತಾರೆ. ನನ್ನ ಮಗನೂ ನಗ್ತಾನೆ. ಕೆಳಗೆ ಔಷಧಿ ಕೋಣೇಲಿ ನನ್ನ ಸೊಸೆ ಇದಾಳೆ. ಅವಳನ್ನ ಕರೀತೀಯಾ?”

ಅವಳು ಹಾಸಿಗೆಯ ಪಕ್ಕದಿಂದ ಕದಲಲಿಲ್ಲ. ಅತ್ತೆ ಅದನ್ನು ಹಿಂಜರಿಕೆ ಎಂದುಕೊಂಡರೋ ಏನೋ, ಇನ್ನೂ ಬಿಗಿಯಾಗಿ ಹಿಡಿದರು. “ಗುರುತು ಹಿಡಿಯೋದು ಕಷ್ಟ ಇಲ್ಲ. ಮುಖ ಗಂಟು ಹಾಕ್ಕೊಂಡಿರ್ತಾಳೆ. ಮಾತಾಡಿಸಿದ್ರೆ ಮೈಮೇಲೆ ಬಂದ ಹಾಗೆ ಆಡ್ತಾಳೆ, ಅದಕ್ಕೆಲ್ಲ ನೀನು ಹೆದರಬೇಡ. ಲೆಕ್ಕದಲ್ಲಿ ಮಾತ್ರ ಅವಳು ತಪ್ಪಲ್ಲ. ಏನೋ ತಪ್ಪಾಗಿದೆ ಅಂತ ಅವಳು ನೋಡಿದ ಕೂಡಲೇ ಹೇಳ್ತಾಳೆ. ಅವಳು ಬರೋವರೆಗೂ ಇವರು ಏನೂ ಹಾಕೋದು ಬೇಡ ಅನ್ನು.” ಆಮೇಲೆ ಒಂದು ಕ್ಷಣ ಯೋಚಿಸಿ, “ನಾನು ಹೀಗಂದೆ ಅಂತ ಅವಳಿಗೆ ಹೇಳ್ಬೇಡ. ತಲೆ ಮೇಲೆ ಕೂತ್ಕೋತಾಳೆ,” ಎಂದರು.

ನಿನ್ನೆಯಿಂದ ಸವರಿದ ಬೆರಳುಗಳು, ಮಗಳೇ ಎಂದದ್ದು, ಪುಣ್ಯವಂತರಾದ ಹೆತ್ತವರು, ಎಲ್ಲವೂ ದಾರಿಹೋಕಳೊಬ್ಬಳಿಗೆ ಕೊಟ್ಟದ್ದು. ಅವಳಿಗೆಂದು ಇಟ್ಟಿದ್ದು ಇದು. ಇದು ಇಷ್ಟು ವರ್ಷ ಆ ಮನೆಯಲ್ಲಿ ಎಲ್ಲಿತ್ತು, ಯಾವ ಕಪಾಟಿನಲ್ಲಿ, ಅವಳ ಕೈಗೆ ಎಟುಕದ ಹಾಗೆ ಎಷ್ಟು ಎತ್ತರದಲ್ಲಿ? ನರ್ಸು ಕೊಳವೆಯ ಮುಚ್ಚಳ ತೆಗೆದು ಅತ್ತೆಯ ಇನ್ನೊಂದು ಕೈಗೆ ಬಗ್ಗಿದ್ದಳು. “ಬೇಡ,” ಎಂದಳು ಅವಳು. ದನಿ ಹೊರಟದ್ದು ತನಗೇ ಕೇಳಿಸಲಿಲ್ಲವೆನ್ನಿಸಿ ಕೂಗಿದಳು, “ಹಾಕ್ಬೇಡಿ. ತೆಗೀರಿ ಅದನ್ನ, ಸ್ಟ್ಯಾಂಡಿನಿಂದಲೇ ತೆಗೀರಿ.” ಅತ್ತೆ ಇವಳ ಮುಖವನ್ನೇ ನೋಡುತ್ತಿದ್ದರು, ಕರೆಯಲು ಇನ್ನೂ ಯಾಕೆ ಹೋಗಲಿಲ್ಲ ಎನ್ನುವ ಹಾಗೆ. “ಕರ್ಕೊಂಡು ಬರ್ತೀನಿ,” ಎಂದು ಅವರ ಕೈ ಬಿಡಿಸಿಕೊಂಡು ಗೋಡೆಯ ಫೋನಿನ ಹತ್ತಿರ ನಡೆದಳು.

ಡಾಕ್ಟರು ಬಂದು ಅತ್ತೆಯ ಎರಡೂ ಕೈಗಳನ್ನು ಮುಂದೆ ಚಾಚಿಸಿ ನೋಡಿದರು, ಹೆಸರು ಕೇಳಿದರು, ವಾರ ಕೇಳಿದರು, ಕಣ್ಣಿಗೆ ಬೆಳಕು ಬಿಟ್ಟರು. ಆ ಔಷಧಿ ನಿಲ್ಲಿಸಿ ಬೇರೆಯದು ಬರೆದರು. ಅದಾದ ಮೇಲೆ ಇಬ್ಬರೂ ಕಾರಿಡಾರಿಗೆ ಬಂದರು. ತೂಕ ತಾನು ತಪ್ಪು ಹೇಳಿದ್ದು ಎಂದಳು. ಹಳೆಯದು, ಎಷ್ಟೋ ವರ್ಷದ ಹಿಂದಿನದು, ನೋಡದೆ ಹೇಳಿದೆ. “ಮನೆಯವರು ಹೇಳೋ ತೂಕ ತಪ್ಪೋದು ಇದ್ದದ್ದೇ ಮೇಡಮ್,” ಎಂದರು ಡಾಕ್ಟರು, ಪೆನ್ನಿನ ಮುಚ್ಚಳ ಹಾಕುತ್ತ. “ನಾನೂ ಒಂದು ಸಲ ಎತ್ತಿ ನೋಡಬೇಕಿತ್ತು. ನಿಮಗೆ ಯಾವಾಗ ಹೊಳೀತು?” ಈಗ ತಾನೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಆಗಲೇ ಹೊರಡಲು ತಿರುಗಿದ್ದರು.

“ನಿನ್ನೆ ಮಧ್ಯಾಹ್ನ,” ಎಂದಳು.

ಅವರು ನಿಂತರು. “ನಿನ್ನೆ ಸಂಜೆ ಮೆಟ್ಟಿಲಲ್ಲಿ ಕೇಳಿದ್ನಲ್ಲ ನಾನು.”

“ಕೇಳಿದ್ರಿ.”

ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಲು ಅವಳು ಸಿದ್ಧವಾಗಿದ್ದಳು, ಬೈದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು. ಅವರು ಮಾತ್ರ ಬರೆದ ಹಾಳೆಯನ್ನು ಅವಳ ಕೈಗೆ ಕೊಡಲು ಚಾಚಿದವರು, ಏನೋ ನೆನಪಾದ ಹಾಗೆ ಹಿಂದಕ್ಕೆ ತೆಗೆದುಕೊಂಡರು. “ಇದರ ಡೋಸು ನಾನೇ ಹಾಕ್ತೀನಿ,” ಎಂದು ಹೋದರು. ಅದರಲ್ಲಿ ಕೋಪವಿರಲಿಲ್ಲ. ಅವಳು ನೆಲಮಾಳಿಗೆಗೆ ಇಳಿದು ತನ್ನ ಮೇಜಿಗೆ ಕೂತಳು. ಆ ದಿನ ಯಾವ ವಾರ್ಡಿಗೂ ತೂಕ ಯಾರು ತೂಗಿದ್ದು ಎಂದು ಕೇಳುವ ಬಾಯಿ ಅವಳಿಗೆ ಬರಲಿಲ್ಲ. ಕೇಳದೆ ಕೆಲಸವೂ ಆಗುವಂತಿರಲಿಲ್ಲ. ಕೇಳಿದಳು, ಪ್ರತಿ ಸಲವೂ ಮುಖ ಬಿಸಿಯಾಯಿತು.

ಅತ್ತೆಯ ಮಾತಿನ ಸಿಹಿ ಒಂದೇ ದಿನಕ್ಕೆ ಹೋಗಲಿಲ್ಲ. ಔಷಧಿ ಮೈಯಿಂದ ನಿಧಾನವಾಗಿ ಇಳಿಯಿತು, ಅದರ ಜೊತೆ ಆ ಸಿಹಿಯೂ ಇಳಿಯಿತು. ಮೊದಲು ಅತ್ತೆ ಮಂಪರಿಗೆ ಜಾರಿದರು, ಆ ದಿನವಿಡೀ ಕಣ್ಣು ಬಿಡಲಿಲ್ಲ. “ಚೆನ್ನಾಗೇ ಇದ್ದಳಲ್ಲ, ಯಾಕೆ ಔಷಧಿ ಬದಲಾಯಿಸಿದ್ರು?” ಎಂದು ಗಂಡ ನೂರು ಸಲ ಕೇಳಿದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಕೇಳಿ, ಕಾರಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, “ಹಾಗಾದ್ರೆ ನನ್ನ ತಲೆ ಸವರಿದ್ದು?” ಎಂದ. ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಕರುಣೆ ಬಂತು. ನಾದಿನಿ ಇವಳೊಡನೆ ಮಾತು ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ಅತ್ತೆ ದಿಂಬಿಗೆ ಒರಗಿ ಕೂತು, ಹಾಸಿಗೆಯ ಬಟ್ಟೆಯ ಮೂಲೆ ಸರಿಯಾಗಿ ಸಿಕ್ಕಿಸಿಲ್ಲವೆಂದು ನರ್ಸಿಗೆ ತೋರಿಸಿದರಂತೆ. ಅಳುತ್ತ ನಿಂತ ಮಗಳಿಗೆ, ಅತ್ತಿದ್ದು ಸಾಕು, ನಾನಿನ್ನೂ ಸತ್ತಿಲ್ಲ, ಎಂದರಂತೆ. ಕೈ ಚಾಚಿಸಿದರೆ ನೆಟ್ಟಗೆ ನಿಲ್ಲುತ್ತಿದೆ, ಜ್ವರವೂ ಮತ್ತೆ ಬಂದಿಲ್ಲ, ಎಂದು ನರ್ಸು ಫೋನಿನಲ್ಲಿ ಹೇಳಿದಳು.

ಅವಳು ಮೇಲೆ ಹೋದಾಗ ಅತ್ತೆ ಒಬ್ಬರೇ ಇದ್ದರು. ನಗಲಿಲ್ಲ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹಳೆಯ ನೋಟ. ಅವಳ ಬೆನ್ನು ತಾನಾಗಿ ಗೋಡೆಯ ಕಡೆ ಸರಿಯಿತು.

“ಇಲ್ಲಿ ಒಬ್ಬಳು ಕೂತಿರ್ತಿದ್ದಳಲ್ಲ, ಕೈ ಹಿಡ್ಕೊಂಡು. ಅವಳೆಲ್ಲಿ?” ಎಂದರು ಅತ್ತೆ.

“ಹೋದಳು.”

“ಒಳ್ಳೇ ಹೆಣ್ಣು. ಅವಳ ಹತ್ರ ನಿನಗೆ ಹೇಳಿ ಕಳಿಸಿದ್ದೆ. ಬಂದು ಹೇಳಿದ್ಲಾ?”

“ಹೇಳಿದ್ಲು ಅತ್ತೆ.”

“ಏನಂತ ಹೇಳಿದ್ಲು?” ಅತ್ತೆಯ ಕಣ್ಣು ಕಿರಿದಾಯಿತು.

“ಕರೀತಿದಾರೆ, ಬರಬೇಕಂತೆ ಅಂತ. ಅಷ್ಟೇ.”

ಅತ್ತೆಯ ಮುಖ ಸಡಿಲವಾಯಿತು. ಕತ್ತಿನ ನರ ಇಳಿದು, ತಲೆ ದಿಂಬಿಗೆ ಒರಗಿತು. ಅಷ್ಟು ಸಾಕಾಗಿತ್ತು, ಅಲ್ಲಿಗೆ ಬಿಟ್ಟು ಕೆಳಗೆ ಇಳಿಯಬಹುದಿತ್ತು. “ಅವಳು ಹೇಳೋಕೂ ಮುಂಚೆನೇ ನಾನು ಬರಬೇಕಿತ್ತು,” ಎಂದಳು ಅವಳು. “ನಿಮಗೆ ಹೀಗಾಗಿದೆ ಅಂತ ನನಗೆ ಹಿಂದಿನ ದಿನವೇ ಗೊತ್ತಾಗಿತ್ತು. ಸಂಜೆ ಮತ್ತೆ ಅದೇ ಔಷಧಿ ಹಾಕೋವಾಗ ಪಕ್ಕದಲ್ಲೇ ಇದ್ದೆ. ಬೇಡ ಅನ್ನಲಿಲ್ಲ.”

ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. “ಯಾಕೆ?”

“ನೀವು ನನ್ನ ಹತ್ರ ಚೆನ್ನಾಗಿ ಮಾತಾಡ್ತಿದ್ರಿ.”

ಆಚೆ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು, ಅದರ ಒಂದು ಚಕ್ರ ಕಿರುಗುಟ್ಟುತ್ತ ಕಾರಿಡಾರಿನ ಕೊನೆಯವರೆಗೂ ಹೋಯಿತು. ಅತ್ತೆ ಬೈಯುತ್ತಾರೆ ಎಂದು ಅವಳು ಕಾದಳು. ಕೊಲ್ಲೋಕೆ ಹೊರಟಿದ್ಯಾ ಎನ್ನುತ್ತಾರೆ, ಮಗನನ್ನು ಕರೆಸುತ್ತಾರೆ, ಅದೆಲ್ಲ ಅವಳಿಗೆ ನ್ಯಾಯವಾಗಿಯೇ ಸಲ್ಲಬೇಕಾದ್ದು.

“ಅಷ್ಟಕ್ಕೇನಾ?” ಎಂದರು ಅತ್ತೆ.

“ಅಷ್ಟಕ್ಕೇ ಅತ್ತೆ.”

ಅತ್ತೆ ನಿಧಾನವಾಗಿ, ಒಂದು ಕೈಯಿಂದ ಮಂಚದ ಕಂಬಿ ಹಿಡಿದು, ಗೋಡೆಯ ಕಡೆಗೆ ಹೊರಳಿಕೊಂಡರು. ಆಸ್ಪತ್ರೆಯ ಅಂಗಿಯ ಹಿಂದಿನ ಲಾಡಿ ಬಿಚ್ಚಿಹೋಗಿ ಸಣ್ಣ ಬೆನ್ನು ಕಾಣುತ್ತಿತ್ತು. ಆ ಬೆನ್ನು ನಡುಗುತ್ತಿತ್ತು. ಅವಳು ಕೆಲಸದ ಅಭ್ಯಾಸದಿಂದ ಬಗ್ಗಿ ನೋಡಿದಳು, ಎಷ್ಟು ಹೊತ್ತಿಗೊಮ್ಮೆ, ಒಂದೇ ಕಡೆಯೋ ಎರಡೂ ಕಡೆಯೋ ಎಂದು ಗಮನಿಸಿದಳು. ಔಷಧಿಯ ನಡುಕವಲ್ಲ, ಅಳು. ಅದಕ್ಕೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ತಿಳಿಯದೆ ಅವಳು ಹಾಸಿಗೆಯ ಪಕ್ಕ ನಿಂತೇ ಇದ್ದಳು.